ಇಪ್ಪತ್ತು ಹೊಡೆತದೊಳಗೆ ನೀರು

ಹೋದ ತಿಂಗಳು ಅಂಚೆಯವರು ಒಂದು ಪಾರ್ಸೆಲ್ ತಂದುಕೊಟ್ಟರು. ಬಿಳಿ ಬಟ್ಟೆಯಲ್ಲಿ ಹೊಲಿದ ಕಟ್ಟು, ಆದರೆ ಬಟ್ಟೆ ಬಿಳಿಯಾಗಿ ಉಳಿದಿರಲಿಲ್ಲ. ಒಂದರ ಮೇಲೊಂದು ಬಿದ್ದ ಮುದ್ರೆಗಳು, ಒಳಗಿನಿಂದ ಜಿನುಗಿ ಹರಡಿದ ಎಣ್ಣೆಯ ಕಲೆ, ವಿಳಾಸದ ಮೇಲೆ ಅಡ್ಡಲಾಗಿ ಎಳೆದ ಕೆಂಪು ಗೀಟು. ಕಳಿಸಿದವರ ಜಾಗದಲ್ಲಿ ನನ್ನದೇ ಹೆಸರಿತ್ತು, ನನ್ನದೇ ದುಂಡು ಅಕ್ಷರ. "ನೀವು ಕಳಿಸಿದ್ದು ನಿಮಗೇ ಬಂದೈತೆ ನೋಡ್ರಿ ಅಕ್ಕಾರೆ" ಎಂದು ನಕ್ಕು, ಸಹಿ ಮಾಡಿಸಿಕೊಂಡು ಹೋದರು.

ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಹೊಲಿಗೆ ಬಿಚ್ಚಿದೆ. ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಅದರ ಪರಿಮಳವನ್ನೂ ಮೀರಿ ಆ ವಾಸನೆ ಎದ್ದಿತು. ಹರಳೆಣ್ಣೆ, ಅದರಲ್ಲಿ ನೆನೆದ ಚರ್ಮ... ಎದುರು ಮನೆಯ ಜಗಲಿಯಲ್ಲಿ ಯಾರೋ ಕೆಮ್ಮಿದಂತಾಯಿತು. ಕಿಟಕಿಯಿಂದ ಬಗ್ಗಿಯೂ ನೋಡಿದೆ. ಜಗಲಿಯ ಮೇಲೆ ಹಪ್ಪಳ ಒಣಹಾಕಿದ್ದರು, ಅಷ್ಟೇ.

ಒಳಗಿದ್ದದ್ದು ಎರಡು ಡಜನ್ ವಾಶರ್. ನಲ್ಲಿಯೊಳಗಿನ ರಬ್ಬರ್ ಬಿಲ್ಲೆಯಂಥದ್ದಲ್ಲ. ತಳಕ್ಕೆ ತೂತಿರುವ ಚರ್ಮದ ಪುಟ್ಟ ಬಟ್ಟಲು, ಅಂಗೈಯ ಗುಳಿಯಲ್ಲಿ ಕೂರುವಂಥದ್ದು. ಕೈಪಂಪಿನ ಕೊಳವೆಯೊಳಗೆ, ನೆಲದಡಿ ಎಲ್ಲೋ ಆಳದಲ್ಲಿ ಕೂತು ನೀರನ್ನು ಹಿಡಿದು ಮೇಲಕ್ಕೆತ್ತುವುದು ಇದೇ. ಇದು ಸವೆದರೆ ಮೇಲೆ ಎಂಥ ಗಟ್ಟಿ ಕಬ್ಬಿಣವಿದ್ದರೂ ನೀರಿಲ್ಲ. ಇದನ್ನೆಲ್ಲ ನನಗೆ ಹೇಳಿಕೊಟ್ಟವರು ಎದುರು ಮನೆಯವರು. ಈ ಬಟ್ಟಲುಗಳನ್ನು ಕೈಯಾರೆ ಮಾಡಿದವರೂ ಅವರೇ.

ನಾನು ಸೊರಬ ತಾಲ್ಲೂಕಿನ ಉಳವಿ ಕಡೆಯವಳು. ಮದುವೆಯಾಗಿ ಶಿಕಾರಿಪುರದ ಈ ಓಣಿಗೆ ಬಂದಾಗ ಅವರು ನಡುವಯಸ್ಸಿನವರು. ಕೊಳವೆಬಾವಿಗೆ ಕೂರಿಸಿದ ಕೈಪಂಪಿಗೆ ಇಲ್ಲಿ ಬೋರಿಂಗ್ ಎನ್ನುವುದು ರೂಢಿ, ಅದರ ಹಿಡಿಕೆಯನ್ನು ಮೇಲೆ ಕೆಳಗೆ ಆಡಿಸುವುದಕ್ಕೆ ಬೋರಿಂಗ್ ಹೊಡೆಯುವುದು ಎನ್ನುತ್ತಾರೆ. ತಾಲ್ಲೂಕಿನ ಬೋರಿಂಗ್‌ಗಳನ್ನೆಲ್ಲ ರಿಪೇರಿ ಮಾಡುವ ಸರ್ಕಾರಿ ಕೆಲಸ ಅವರದು. ಊರಿಗೆಲ್ಲ ಬೋರಿಂಗ್ ಮೇಸ್ತ್ರಿ. ನಾನು ಕಾಕಾ ಎನ್ನುತ್ತಿದ್ದೆ. ಅವರು ನನ್ನನ್ನು ತಾಯಿ ಎನ್ನುತ್ತಿದ್ದರು, ಚೇಷ್ಟೆ ಮಾಡಬೇಕೆನಿಸಿದಾಗ ಕಾನ್ವೆಂಟ್ ತಾಯಿ. ನಾನು ಪುಟ್ಟ ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದನ್ನು ನೋಡಿ ಅವರಿಗೆ ಬಹಳ ನಗು.

ಅವರ ಕೆಲಸ ನೋಡುವುದೇ ಒಂದು ಚೆಂದ. ಬೋರಿಂಗ್ ಕೆಟ್ಟಿದೆ ಎಂದರೆ ಮೊದಲು ಸ್ಪ್ಯಾನರ್ ತೆಗೆಯುತ್ತಿರಲಿಲ್ಲ. ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ತಾವು ಹೊಡೆಯುತ್ತಿರಲಿಲ್ಲ. ದಿನಾ ಅಲ್ಲಿ ನೀರು ಹಿಡಿಯುವ ಹೆಂಗಸಿನ ಕೈಲೇ ಹೊಡೆಸುತ್ತಿದ್ದರು. ಆಕೆ ಹೊಡೆಯಬೇಕು, ಇವರು ಒಂದು, ಎರಡು, ಮೂರು ಎಂದು ಎಣಿಸಬೇಕು. ಎಂಟಕ್ಕೋ ಹತ್ತಕ್ಕೋ ನೀರು ಬಂದರೆ ಸುಖಿ ಬೋರಿಂಗ್. ಹದಿನೈದಾದರೆ ವಾಶರ್‌ಗೆ ವಯಸ್ಸಾಗುತ್ತಿದೆ. ಇಪ್ಪತ್ತರೊಳಗೆ ಬರದಿದ್ದರೆ ಪೈಪುಗಳನ್ನೆಲ್ಲ ಮೇಲಕ್ಕೆಳೆದು ವಾಶರ್ ಬದಲಿಸಲೇಬೇಕು. ಇದು ಅವರ ಶಾಸ್ತ್ರ. ತಪ್ಪಿದ್ದನ್ನು ನಾನು ಕಾಣೆ.

ಈ ಶಾಸ್ತ್ರ ಅವರಿಗೆ ಬಂದದ್ದು ಹೊರದೇಶದವರಿಂದ. ಅವರು ಹುಡುಗರಾಗಿದ್ದಾಗ ಈಸೂರಿನ ಆಚೆ ಎಲ್ಲೋ ಪರದೇಶದ ದುಡ್ಡಿನಲ್ಲಿ ಕೊಳವೆಬಾವಿ ಕೊರೆಯುವ ಲಾರಿ ಬಂದಿತ್ತಂತೆ. ಪೈಪು ಹಿಡಿಯಲು ಕೂಲಿಗೆ ಹೋದವರು ಹಾಗೇ ಉಳಿದುಬಿಟ್ಟರು. ಕೆಂಪು ಮುಖದ ಇಂಜಿನಿಯರ್ ಒಬ್ಬರು ಪ್ರತಿ ಬೋರಿಂಗ್ ಹತ್ತಿರವೂ ಒಬ್ಬ ಹೆಂಗಸಿಗೆ ಒಂದು ಕಟ್ಟು ಅಂಚೆ ಕಾರ್ಡು ಕೊಟ್ಟು ಹೋಗುತ್ತಿದ್ದರಂತೆ. ಕಾರ್ಡಿನ ಮೇಲೆ ವಿಳಾಸ, ಬೋರಿಂಗ್ ನಂಬರು ಮೊದಲೇ ಅಚ್ಚಾಗಿರುತ್ತಿತ್ತು. ಕೆಟ್ಟ ದಿನ ಡಬ್ಬಿಗೆ ಹಾಕಿದರೆ ಸಾಕು. ಕಾರ್ಡು ಬಂತೆಂದರೆ ನೀರು ನಿಂತಿದೆ ಎಂದರ್ಥ. "ಅದ್ರಾಗೆ ನಮಸ್ಕಾರ ಬರೆಯೋಕೂ ಜಾಗ ಇರ್ತಿರಲಿಲ್ಲ ತಾಯಿ" ಎಂದು ಕಾಕಾ ಒಮ್ಮೆ ಹೇಳಿದ್ದರು. ಆಗ ನಾನು ಸುಮ್ಮನೆ ನಕ್ಕಿದ್ದೆ.

ಅವರು ನಿವೃತ್ತರಾದ ಮೇಲೆ ಒಂದು ಕಾಗದ ಬಂತು. ನಮ್ಮ ದೇಶ ಆಫ್ರಿಕಾದ ಒಂದು ದೇಶಕ್ಕೆ ಕೈಪಂಪುಗಳನ್ನು ಕೊಡುಗೆಯಾಗಿ ಕೊಡುತ್ತಿದೆ, ಅವನ್ನು ಕೂರಿಸಿ ಅಲ್ಲಿಯವರಿಗೆ ರಿಪೇರಿ ಕಲಿಸಲು ಕೈ ಪಳಗಿದವರು ಬೇಕು, ಆರು ತಿಂಗಳ ಕೆಲಸ ಎಂದು. ಆ ದೇಶದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ತಪ್ಪು ಅದರದಲ್ಲ.

ಓಣಿಯವರೆಲ್ಲ ಬಸ್ ಸ್ಟ್ಯಾಂಡಿನವರೆಗೆ ಹೋಗಿ ಕಳಿಸಿಕೊಟ್ಟೆವು. ಅವರ ಹೆಂಡತಿ, ನಾವು ಕಾಕು ಎನ್ನುತ್ತಿದ್ದೆವು, ಕಣ್ಣೊರೆಸಿಕೊಳ್ಳುತ್ತಲೇ ಹೇಳಿದರು, "ನಮ್ಮನೆ ಬಚ್ಚಲ ನಲ್ಲಿ ವರ್ಷದಿಂದ ಸೋರ್ತೈತೆ, ಅದನ್ನ ಬಿಟ್ಟು ಸಮುದ್ರ ದಾಟಿ ರಿಪೇರಿಗೆ ಹೊಂಟಾರೆ." ಎಲ್ಲರೂ ನಕ್ಕೆವು. ನನಗೆ ಮಾತ್ರ ನನ್ನ ಶಾಲೆ ನೆನಪಾಯಿತು. ನಾನು ಹಾಸ್ಟೆಲ್‌ನಲ್ಲಿದ್ದು ಓದಿದ ಕಾನ್ವೆಂಟಿಗೆ ವರ್ಷಕ್ಕೊಮ್ಮೆ ಹೊರದೇಶದಿಂದ ಹಾಲಿನಪುಡಿಯ ತಗಡಿನ ಡಬ್ಬಿಗಳು, ಹಳೆಯ ಉಣ್ಣೆಯ ಟೋಪಿಗಳು ಬರುತ್ತಿದ್ದವು. ಸಾಲಿನಲ್ಲಿ ಲೋಟ ಹಿಡಿದು ನಿಂತ ಮಕ್ಕಳಲ್ಲಿ ನಾನೂ ಒಬ್ಬಳು. ಈಗ ನಮ್ಮ ಎದುರು ಮನೆಯವರೇ ಕೊಡಲು ಹೊರಟಿದ್ದಾರೆ! ನಮಗೂ ಕೊಡುವ ಕಾಲ ಬಂತಲ್ಲ ಎಂದು ಆ ದಿನ ಮನೆಗೆ ಬಂದು ಪಾಯಸ ಮಾಡಿದ್ದೆ.

ಆರು ತಿಂಗಳಾದ ಮೇಲೆ ಕಾಕಾ ಬಡಕಲಾಗಿ, ಕಪ್ಪಾಗಿ, ಬಹಳ ಸಂತೋಷವಾಗಿ ವಾಪಸು ಬಂದರು. ವಾರಗಟ್ಟಲೆ ಅದೇ ಮಾತು. ಆ ಊರಿಗೆ ಹೋಗುವ ದಾರಿಯಲ್ಲಿ ದೇಶಕ್ಕೊಂದರಂತೆ ಬೋರ್ಡುಗಳಿದ್ದವಂತೆ. ರಸ್ತೆ ಹಾಕಿದವರು ಚೀನಾದವರು, ಆಸ್ಪತ್ರೆ ಕಟ್ಟಿಸಿದವರು ಇನ್ಯಾವುದೋ ದೇಶದವರು, ಶಾಲೆಯ ಹಿಂದೆ ಯುರೋಪಿನವರು ಎಂದೋ ಹಾಕಿ ತುಕ್ಕು ಹಿಡಿದ ಹಳೆಯ ಪಂಪು. ಹಿಂದಿನವರು ಕೊಡುವುದಕ್ಕೆ ಮುಂಚೆ ಹತ್ತು ಸಭೆ ಮಾಡುತ್ತಿದ್ದರಂತೆ, ನೂರು ಪ್ರಶ್ನೆ ಕೇಳುತ್ತಿದ್ದರಂತೆ. ನಮ್ಮವರು ಏನೂ ಕೇಳಲಿಲ್ಲ. ಹದಿನೈದು ದಿನಕ್ಕೆ ನೀರು. ಅಲ್ಲಿಯ ಹೆಂಗಸರು ಕುಣಿದುಬಿಟ್ಟರು ಎನ್ನುವಾಗ ಕಾಕಾ ಮುಖ ನೋಡಬೇಕಿತ್ತು.

ಆ ಊರಿನಲ್ಲಿ ರಿಪೇರಿ ಕಲಿತವರಲ್ಲಿ ಒಬ್ಬಾಕೆ ಬಹಳ ಚುರುಕು. ಅಲ್ಲಿ ದೊಡ್ಡ ಹೆಂಗಸರನ್ನು ಅಮಾಯಿ ಎಂದು ಕರೆಯುತ್ತಾರಂತೆ. ಇವರೂ ಆಕೆಯನ್ನು ಅಮಾಯಿ ಎಂದೇ ಕರೆದರು. ಮಾತು ಬಾರದ ಇಬ್ಬರ ನಡುವೆ ಉಳಿದದ್ದು ಎಣಿಕೆ ಒಂದೇ. ಆಕೆ ಹಿಡಿಕೆ ಹೊಡೆಯುವಾಗ ಇವರು ಕನ್ನಡದಲ್ಲಿ ಎಣಿಸುತ್ತಿದ್ದರು. ನಾಲ್ಕು ದಿನದಲ್ಲಿ ಆಕೆಯೂ ಕನ್ನಡದಲ್ಲಿ ಎಣಿಸತೊಡಗಿದಳು. ಇಪ್ಪತ್ತರವರೆಗೆ. ಮುಂದಿನದ್ದು ಯಾಕೆ ಕಲಿಸಲಿಲ್ಲ ಎಂದು ಕೇಳಿದೆ. "ಇಪ್ಪತ್ತೊಂದು ಯಾಕೆ ಬೇಕ್ರೀ ತಾಯಿ? ಅಷ್ಟೊತ್ತಿಗೆ ನೀರು ಬಂದಿರ್ತೈತೆ" ಎಂದರು.

ಒಂದು ಸಂಗತಿ ಮಾತ್ರ ಅವರನ್ನು ಕೊರೆಯುತ್ತಿತ್ತು. ಆ ಸೀಮೆಯ ಪಂಪುಗಳ ನಮೂನೆಯೇ ಬೇರೆ. ನಮ್ಮ ಪಂಪಿಗೆ ಹಿಡಿಸುವ ವಾಶರ್ ಅಲ್ಲಿಯ ಅಂಗಡಿಗಳಲ್ಲಿ ಸಿಗುತ್ತಿರಲಿಲ್ಲ. ಇವರು ಕೇಳಿದಾಗ, ಹಿಂದಿನಿಂದ ಬಿಡಿಭಾಗಗಳ ಪೆಟ್ಟಿಗೆ ಬರುತ್ತದೆ ಎಂದು ಜೊತೆಗಿದ್ದ ಅಧಿಕಾರಿಗಳು ಹೇಳಿದ್ದರಂತೆ. ಇವರ ಚೀಲದಲ್ಲಿ ಆರು ವಾಶರ್ ಇದ್ದವು. ಅವನ್ನು ಅಮಾಯಿಯ ಕೈಗಿಟ್ಟು ಬಂದಿದ್ದರು.

ಕಾಕಾರ ಹತ್ತಿರ ಇದ್ದದ್ದು ಗುಂಡಿ ಒತ್ತುವ ಹಳೆಯ ಫೋನು. ಹಾಗಾಗಿ ಆ ಊರಿನ ಶಾಲೆಯ ಮೇಷ್ಟ್ರಿಗೆ ನನ್ನ ನಂಬರು ಕೊಟ್ಟು ಬಂದಿದ್ದರು. ವಾಟ್ಸಾಪಿನಲ್ಲಿ ಮೊದಲ ಸಂದೇಶ ಬಂದದ್ದು ಒಂದು ಮಧ್ಯಾಹ್ನ, ನಾನು ಸೊಪ್ಪು ಸೋಸುತ್ತ ಕೂತಿದ್ದೆ. ಮೇಷ್ಟ್ರು ಇಂಗ್ಲಿಷಿನಲ್ಲಿ ಎರಡು ಸಾಲು ಬರೆದಿದ್ದರು, ನಾವೆಲ್ಲ ಕ್ಷೇಮ, ಭಾರತಕ್ಕೆ ಕೃತಜ್ಞತೆ. ಅದರ ಕೆಳಗೆ ಒಂದು ಧ್ವನಿ. ಹೆಂಗಸಿನ ದನಿ, "ಜಿಕೋಮೊ, ಜಿಕೋಮೊ" ಎಂದಿತು. ಅಲ್ಲಿಯ ಮಾತಿನಲ್ಲಿ ಅದು ಧನ್ಯವಾದ. ಆಮೇಲೆ ಹಿಡಿಕೆಯ ಕಿರ್ ಸದ್ದು, ಅದರ ಜೊತೆಗೆ ಒಂದು, ಎರಡು, ಮೂರು... ಸಮುದ್ರದಾಚೆಯಿಂದ ಯಾರೋ ನನ್ನ ಭಾಷೆಯಲ್ಲಿ ಎಣಿಸುತ್ತಿದ್ದಾರೆ! ಎಂಟು ಎಂದಾಗ ನೀರು ಬಕೆಟ್ಟಿಗೆ ಬಿದ್ದ ಸದ್ದು. ಸೊಪ್ಪಿನ ಕೈಯಲ್ಲೇ ಓಡಿಹೋಗಿ ಕಾಕಾರಿಗೆ ಕೇಳಿಸಿದೆ. ಅವರು ಕಣ್ಣು ಮುಚ್ಚಿ ಕೇಳಿ, ತಲೆದೂಗಿದರು. ಕಾಕು ಒಳಗಿನಿಂದಲೇ, "ನಲ್ವತ್ತು ವರ್ಷ ಸಂಸಾರ ಮಾಡಿದ್ರೂ ನನ್ನ ಮಾತು ಒಂದಿನ ಇಷ್ಟು ಲಕ್ಷ್ಯ ಕೊಟ್ಟು ಕೇಳಲಿಲ್ಲ" ಎಂದರು.

ಹಾಗೆ ಸಂದೇಶಗಳು ಬರತೊಡಗಿದವು. ಎಂಟು ಹನ್ನೊಂದಾಯಿತು. ಆಕೆ ವಾಶರ್ ಬದಲಿಸಿದಳೆಂದು ಕಾಣುತ್ತದೆ, ಮತ್ತೆ ಎಂಟು. ಮತ್ತೆ ಹತ್ತು, ಹದಿಮೂರು... ಹೀಗೆ ಇಟ್ಟು ಬಂದ ಆರೂ ಮುಗಿದವು. ಪೆಟ್ಟಿಗೆ ಬಂದಿರಲಿಲ್ಲ. ಒಂದು ಸಲ ಹದಿನಾರಕ್ಕೆ ನೀರು ಬಂತು. ಮೇಷ್ಟ್ರ ಸಾಲುಗಳು ಮಾತ್ರ ಬದಲಾಗಲಿಲ್ಲ, ನಾವೆಲ್ಲ ಕ್ಷೇಮ, ಕೃತಜ್ಞತೆ. ಚೆನ್ನಾಗೇ ಇದ್ದಾರಂತಲ್ಲ ಕಾಕಾ ಎಂದೆ. ಅವರು ಫೋನನ್ನು ನನ್ನ ಕೈಗೆ ವಾಪಸು ಕೊಟ್ಟರು.

"ನೀವು ಅವ್ರು ಬರೆದಿದ್ದನ್ನ ಓದ್ತೀರಿ ತಾಯಿ. ನಾನು ಆಕೆ ಹೊಡೆದಿದ್ದನ್ನ ಕೇಳ್ತೀನಿ."

ಅವರನ್ನು ಕಳಿಸಿಕೊಟ್ಟ ಕಚೇರಿಗೆ ಕಾಗದ ಬರೆಯಬೇಕು ಎಂದರು. ಇಂಗ್ಲಿಷಿನಲ್ಲಿ ಬರೆಯಬೇಕಿತ್ತು. ಓಣಿಯಲ್ಲಿ ಇಂಗ್ಲಿಷ್ ಎಂದರೆ ನಾನೇ. ಅವರು ಹೇಳಿದ್ದು ಮೂರೇ ಮಾತು. ನೀರು ನಿಲ್ತಾ ಐತೆ, ವಾಶರ್ ಕಳಿಸಿ, ಇಲ್ಲಾಂದ್ರೆ ನನ್ನನ್ನ ಕಳಿಸಿ, ನಾನೇ ಚೀಲದಾಗೆ ಹೊತ್ತು ಒಯ್ತೀನಿ. ಹೇಳಿ ಎದ್ದು ಹೋದರು.

ನಾನು ಊಟದ ಮೇಜಿನ ಮೇಲೆ ಗೆರೆಯ ಹಾಳೆ ಹರಡಿಕೊಂಡು ಕೂತೆ. ಎಷ್ಟೋ ವರ್ಷಗಳ ನಂತರ ಇಂಗ್ಲಿಷಿನಲ್ಲಿ ಕಾಗದ! ಕಾನ್ವೆಂಟಿನಲ್ಲಿ ನಾವು ಡಿಸೆಂಬರ್ ಬಂತೆಂದರೆ ದಾನಿಗಳಿಗೆ ಕಾಗದ ಬರೆಯುತ್ತಿದ್ದೆವು. ನಾನು ಎಂಟು ವರ್ಷದವಳಿದ್ದಾಗ, ನೀವು ಕಳಿಸಿದ ಹಾಲು ಕುಡಿದರೆ ನಮಗೆ ಹೊಟ್ಟೆ ನೋಯುತ್ತದೆ ಎಂದು ಇದ್ದದ್ದನ್ನು ಬರೆದಿದ್ದೆ. ಸಿಸ್ಟರ್ ಬೈಯಲಿಲ್ಲ. ತಲೆ ಸವರಿ ಆ ಹಾಳೆಯನ್ನು ಮಡಚಿ ತಮ್ಮ ಜೇಬಿಗೆ ಹಾಕಿಕೊಂಡು, ಹೊಸ ಹಾಳೆ ಕೊಟ್ಟರು. ಕೊಟ್ಟವರಿಗೆ ನೋವಾಗುವ ಹಾಗೆ ಬರೆಯಬಾರದು ಮಗೂ, ಮುಂದಿನ ವರ್ಷ ಅವರು ಕೊಡದಿದ್ದರೆ ನಿನ್ನಿಂದ ಎಲ್ಲ ಮಕ್ಕಳಿಗೂ ಇಲ್ಲ ಎಂದರು. ಹಾಲು ಬಹಳ ರುಚಿಯಾಗಿತ್ತು ಎಂದು ಬರೆದೆ. ಆ ಭಯ, ಆ ಹೊಸ ಹಾಳೆಯ ನುಣುಪು... ಕೈಗೆ ಎಷ್ಟು ಆಳವಾಗಿ ಇಳಿದಿತ್ತೆಂದು ನನಗೇ ಗೊತ್ತಿರಲಿಲ್ಲ.

ಈಗ ಕೊಡುವವರು ನಾವೇ. ಬರೆಯುತ್ತಿದ್ದದ್ದೂ ನಮ್ಮದೇ ದೇಶದ ಕಚೇರಿಗೆ. ಆದರೂ ನನ್ನ ಪೆನ್ನಿಗೆ ಬಂದದ್ದು ಲೋಟ ಹಿಡಿದು ಸಾಲಿನಲ್ಲಿ ನಿಂತವಳ ಭಾಷೆ. ತಮ್ಮ ಉದಾರ ಕೊಡುಗೆಗೆ ಆ ಊರಿನ ಮಹಿಳೆಯರು ಚಿರಋಣಿಗಳು ಎಂದು ಶುರುಮಾಡಿ ಒಂದು ಪುಟ ತುಂಬಿಸಿದೆ. ಬರೆದು ಮುಗಿಸಿ ಎರಡು ಸಲ ಓದಿಕೊಂಡೆ. ಸಿಸ್ಟರ್ ನೋಡಿದ್ದರೆ ಮೆಚ್ಚುತ್ತಿದ್ದರು ಎಂದೂ ಅನ್ನಿಸಿತು. ಕಾಕಾರಿಗೆ, ನೀವು ಹೇಳಿದ್ದೆಲ್ಲ ಬರೆದಿದ್ದೇನೆ ಎಂದೆ. ಅವರು ನಂಬಿ, ಕೆಳಗೆ ಕನ್ನಡದಲ್ಲಿ ಸಹಿ ಹಾಕಿದರು.

ಉತ್ತರ ಬರಲಿಲ್ಲ. ಎರಡು ತಿಂಗಳು ಬಿಟ್ಟು ಇನ್ನೊಂದು ಬರೆದೆ, ಮೊದಲಿನದಕ್ಕಿಂತಲೂ ನಯವಾಗಿ, ನೆನಪು ಮಾಡುವುದಕ್ಕೆ ಕ್ಷಮೆ ಕೇಳಿ. ಅಷ್ಟರಲ್ಲಿ ಎಣಿಕೆ ಹತ್ತೊಂಬತ್ತಕ್ಕೆ ಬಂದಿತ್ತು. ಅಮಾಯಿ ಸವೆದ ಹಳೆಯ ವಾಶರ್‌ಗೆ ಬಟ್ಟೆ ಸುತ್ತಿ ನೋಡಿದ್ದಾಳೆ ಎಂದು ಕಾಕಾ ಸದ್ದಿನ ಮೇಲೆಯೇ ಹೇಳಿದರು. ಪಂಪು ನಿಂತರೆ ಹೆಂಗಸರು ಎಲ್ಲಿಗೆ ಹೋಗಬೇಕೆಂಬುದೂ ಅವರಿಗೆ ಗೊತ್ತಿತ್ತು. ದನಗಳು ಇಳಿಯುವ ಒಂದು ಹೊಂಡ, ಅರ್ಧ ದಿನದ ನಡಿಗೆ. ತಾವು ಅಲ್ಲಿದ್ದಾಗ ಆ ಹೊಂಡ ನೋಡಿದ್ದನ್ನು ಹೇಳಲು ಹೋಗಿ, ಅರ್ಧಕ್ಕೇ ಬಿಟ್ಟುಬಿಟ್ಟರು.

ಕೊನೆಗೊಂದು ದಿನ ದೊಡ್ಡ ಲಕೋಟೆ ಬಂತು. ವಾಶರ್ ಬಗ್ಗೆ ಏನಾದರೂ ಇರಬಹುದೆಂದು ಕಾಕಾ ಬರಿಗಾಲಲ್ಲಿ ನಮ್ಮ ಮನೆಗೆ ಬಂದರು. ಒಡೆದು ನೋಡಿದರೆ ಬಣ್ಣದ ಅಂಚಿನ ಪ್ರಶಂಸಾಪತ್ರ. ಜೊತೆಗೊಂದು ಕಾಗದ. ನಿಮ್ಮ ಸ್ಫೂರ್ತಿದಾಯಕ ಪತ್ರಗಳಿಗೆ ಧನ್ಯವಾದ, ಅದರ ಸಾಲುಗಳನ್ನು ನಮ್ಮ ಪುಸ್ತಿಕೆಯಲ್ಲಿ ಬಳಸಿಕೊಂಡಿದ್ದೇವೆ ಎಂದು. ಓದಿ ಹೇಳಿದೆ. ಕಾಕಾ ಪ್ರಶಂಸಾಪತ್ರವನ್ನು ತಿರುಗಿಸಿ ಹಿಂಬದಿ ನೋಡಿದರು. ಆಮೇಲೆ, ನಾನು ಬೈದಿದ್ದಕ್ಕೆ ಅವರು ಯಾಕೆ ಥ್ಯಾಂಕ್ಸ್ ಹೇಳ್ತಾರೆ ಎಂದು ಕೇಳಿದರು.

ಬರೆದ ಕಾಗದದ ನಕಲು ಇದೆಯಾ ಎಂದರು. ಇತ್ತು. ಕಾನ್ವೆಂಟಿನ ಅಭ್ಯಾಸ, ಎಲ್ಲದರದ್ದೂ ನಕಲು ಇಡುತ್ತೇನೆ. ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳಿ ಎಂದರು. ಹೇಳುತ್ತ ಹೋದೆ. ಚಿರಋಣಿಗಳು, ಉದಾರ ಹೃದಯ, ಎರಡು ದೇಶಗಳ ಸ್ನೇಹ, ಪಂಪು ಅತ್ಯಂತ ತೃಪ್ತಿಕರ... ಪುಟ ಮುಗಿಯುತ್ತ ಬಂದ ಹಾಗೆ ನನ್ನ ದನಿ ಇಳಿಯುತ್ತ ಹೋಯಿತು. ಕಾಕಾ ಕಣ್ಣು ಮುಚ್ಚಿ ಕೇಳುತ್ತಿದ್ದರು, ಬೋರಿಂಗ್ ಪಕ್ಕದಲ್ಲಿ ಕೂತು ಕೇಳುವ ಹಾಗೆಯೇ.

"ಇದ್ರಾಗೆ ನೀರಿಲ್ಲ ಅನ್ನೋದು ಎಲ್ಲೈತ್ರೀ ತಾಯಿ?"

ಕೆಳಗಿನಿಂದ ಮೂರನೆಯ ಸಾಲಿನಲ್ಲಿತ್ತು. ವಾಶರ್‌ಗಳ ವಿಷಯದಲ್ಲಿ ಅಲ್ಪ ಅನನುಕೂಲ ಕಂಡುಬಂದಿದ್ದು, ತಮಗೆ ಬಿಡುವಾದಾಗ ಗಮನಿಸಬೇಕಾಗಿ ವಿನಂತಿ ಎಂದು. ಬೆರಳಿಟ್ಟು ತೋರಿಸಿದೆ. ಅವರಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ, ಆದರೂ ಬಗ್ಗಿ ಆ ಸಾಲನ್ನು ನೋಡಿದರು. "ಅಲ್ಪ" ಎಂದರು, ತಮ್ಮಷ್ಟಕ್ಕೆ ತಾವೇ ಎಂಬಂತೆ. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಮಜ್ಜಿಗೆ ಇದ್ದರೆ ಒಂದು ಲೋಟ ಕೊಡಿ ಎಂದರು. ನಾನು ಒಳಗೆ ಹೋಗಿ ಮಜ್ಜಿಗೆಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ತಿಳಿಯದೆ ಮೂರು ಸಲ ನೆಕ್ಕಿ ನೋಡಿದೆ.

ಅವತ್ತೇ ಅವರ ಮೂರು ಮಾತನ್ನು ಇದ್ದ ಹಾಗೆಯೇ ಬರೆದು ಕಳಿಸಿದೆವು. ಹಾಳೆಯ ಮುಕ್ಕಾಲು ಭಾಗ ಖಾಲಿ ಉಳಿದಿತ್ತು. ಇದಕ್ಕೆ ಮಾತ್ರ ಬೇಗ ಉತ್ತರ ಬಂತು. ಆ ಯೋಜನೆ ಮುಗಿದಿದೆ, ಪಂಪುಗಳನ್ನು ಅಲ್ಲಿಯವರಿಗೆ ವಹಿಸಿಕೊಡಲಾಗಿದೆ, ನಮ್ಮ ತಂಡ ಈಗ ಬೇರೆ ದೇಶದಲ್ಲಿದೆ. ಅಲ್ಲದೆ ತಮ್ಮ ಹಿಂದಿನ ಎರಡು ಪತ್ರಗಳಲ್ಲಿ ಪಂಪು ಅತ್ಯಂತ ತೃಪ್ತಿಕರ ಎಂದು ತಾವೇ ತಿಳಿಸಿರುವುದು ದಾಖಲೆಯಲ್ಲಿದೆ. ಈ ಸಾಲನ್ನು ಬಿಟ್ಟು ಓದಿಬಿಡಲೇ ಎಂದು ಒಂದು ಕ್ಷಣ ಯೋಚಿಸಿದೆ. ಓದಿದೆ. ಕಾಕಾ ತಲೆಯಾಡಿಸಿದರು.

ಮರುದಿನವೇ ಶಿರಾಳಕೊಪ್ಪದ ಸಂತೆಗೆ ಹೋಗಿ ದಪ್ಪ ಚರ್ಮ ತಂದರು. ಮರದ ಅಚ್ಚನ್ನು ತಾವೇ ಕೆತ್ತಿಕೊಂಡು, ಜಗಲಿಯ ಮೇಲೆ ಕೂತು ಒಂದೊಂದೇ ಬಟ್ಟಲನ್ನು ಒತ್ತಿ ಒತ್ತಿ ಮಾಡಿದರು. ಒಂದು ಬೋಗುಣಿ ಹರಳೆಣ್ಣೆಯಲ್ಲಿ ಅವು ತೇಲುತ್ತಿದ್ದವು. ಓಣಿಯಿಡೀ ಅದೇ ವಾಸನೆ. ವಯಸ್ಸಾದ ಕೈ, ನಾಲ್ಕಕ್ಕೆ ಒಂದು ಹಾಳಾಗುತ್ತಿತ್ತು. ಎರಡು ಡಜನ್ ಆದ ದಿನ ನಾನು ಬಟ್ಟೆ ಹೊಲಿದೆ, ವಿಳಾಸ ಬರೆದೆ. ಮೇಷ್ಟ್ರ ಹೆಸರು, ಶಾಲೆ, ಊರು, ಅಷ್ಟೇ. ಅದಕ್ಕಿಂತ ಹೆಚ್ಚಿನ ವಿಳಾಸ ಆ ಊರಿಗಿರಲಿಲ್ಲ. ಅಂಚೆ ಕಚೇರಿಯಲ್ಲಿ ಒಂದು ಫಾರಂ ಕೊಟ್ಟರು. ಒಳಗಿರುವುದು ಕೊಡುಗೆಯೋ ಮಾರಾಟದ ಸರಕೋ, ಗುರುತು ಹಾಕಬೇಕು. ನಾನು ಕೊಡುಗೆ ಎಂಬಲ್ಲಿ ಗುರುತು ಹಾಕುತ್ತಿದ್ದೆ. ಕಾಕಾ ಕೇಳಿ ತಿಳಿದುಕೊಂಡು, "ಕೊಡುಗೆ ಅಲ್ರೀ ತಾಯಿ. ರಿಪೇರಿ ಅನ್ನೋ ಜಾಗ ಇಲ್ವಾ ಅದ್ರಾಗೆ?" ಎಂದರು.

ಇರಲಿಲ್ಲ.

ಆಮೇಲೆ ದಿನಾ ಬೆಳಿಗ್ಗೆ ನಾನು ರಂಗೋಲಿ ಹಾಕಲು ಬಾಗಿಲಿಗೆ ಬಂದ ಕೂಡಲೇ ಎದುರಿನಿಂದ ಒಂದೇ ಪ್ರಶ್ನೆ, ಮುಟ್ಟಿತಂತಾ? ಇಲ್ಲ ಕಾಕಾ. ಎರಡು ತಿಂಗಳು ಹೀಗೇ. ಒಂದು ಬೆಳಿಗ್ಗೆ ಪ್ರಶ್ನೆ ಬರಲಿಲ್ಲ. ಎದೆ ಹಿಡಿದುಕೊಂಡಿದೆ ಎಂದು ಕಾಕು ಕೂಗಿದರು. ಆಟೋ ಆಸ್ಪತ್ರೆಯ ಗೇಟು ದಾಟುವ ಹೊತ್ತಿಗೆ ಮುಗಿದಿತ್ತು. ಹೆಬ್ಬೆರಳಲ್ಲಿ ಚರ್ಮ ಒತ್ತಿ ಒತ್ತಿ ಎದ್ದ ಜಡ್ಡು ಇನ್ನೂ ಹಾಗೇ ಇತ್ತು... ನಾನೇ ನೋಡಿದೆ.

ಹನ್ನೊಂದನೆಯ ದಿನದ ಕಾರ್ಯ ಮುಗಿಸಿ ಮನೆಗೆ ಬಂದು ಕೂತಿದ್ದೆ. ಫೋನು ಮಿನುಗಿತು. ಈ ಸಲ ಮೇಷ್ಟ್ರ ಸಾಲು ಇರಲಿಲ್ಲ, ಜಿಕೋಮೊ ಕೂಡ ಇರಲಿಲ್ಲ. ನೇರವಾಗಿ ಹಿಡಿಕೆಯ ಸದ್ದು. ಒಂದು, ಎರಡು, ಮೂರು. ಒಣ ಸದ್ದು ಅದು, ಕಬ್ಬಿಣಕ್ಕೆ ಕಬ್ಬಿಣ ತಾಗುವುದು. ಅಷ್ಟು ವರ್ಷ ಕಾಕಾರ ಜೊತೆ ಕೇಳಿ ಕೇಳಿ ನನಗೂ ತಿಳಿಯುತ್ತಿತ್ತು. ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು. ನೀರಿಲ್ಲ. ಒಂದು ಕ್ಷಣ ನಿಂತಳು. ಆಮೇಲೆ ಮತ್ತೆ ಒಂದು, ಎರಡು, ಮೂರು... ಇಪ್ಪತ್ತರ ಮುಂದಿನದ್ದನ್ನು ಆಕೆಗೆ ಯಾರೂ ಕಲಿಸಿರಲಿಲ್ಲ. ಮತ್ತೆ ಇಪ್ಪತ್ತು. ಮತ್ತೆ ಒಂದು. ಮೂರನೆಯ ಸುತ್ತಿಗೆ ಉಸಿರು ಏರಿತ್ತು, ಹಿಂದೆ ಯಾವುದೋ ಮಗು ಅಳುತ್ತಿತ್ತು. ನಾಲ್ಕನೆಯ ಸುತ್ತಿನ ಹನ್ನೊಂದರಲ್ಲಿ ಧ್ವನಿ ಮುಗಿಯಿತು.

ಏನಾದರೂ ಬರೆಯಬೇಕಿತ್ತು. ಅವರು ತೀರಿಕೊಂಡರು ಎಂದು ಬರೆಯಬೇಕಿತ್ತು. ಕಚೇರಿಯವರು ಕೈಬಿಟ್ಟರು, ಪಾರ್ಸೆಲ್ ಎಲ್ಲಿದೆಯೋ ಗೊತ್ತಿಲ್ಲ, ಬೇರೆ ದಾರಿ ನೋಡಿಕೊಳ್ಳಿ, ಕಾಯಬೇಡಿ ಎಂದು ನೇರವಾಗಿ ಬರೆಯಬೇಕಿತ್ತು. ಬೆರಳು ಏಳಲಿಲ್ಲ. ಅಷ್ಟು ದೂರದಲ್ಲಿರುವವರಿಗೆ ಅಷ್ಟು ಕಠಿಣವಾದದ್ದನ್ನು ಹೇಗೆ ಹೇಳುವುದು, ನೋವಾಗುತ್ತದಲ್ಲ ಎಂದುಕೊಂಡೆ. ಕೊನೆಗೆ ಫೋನಿನಲ್ಲಿರುವ ಆ ಕೈಮುಗಿದ ಚಿತ್ರ, ಅದೊಂದನ್ನು ಕಳಿಸಿದೆ.

ಸ್ವಲ್ಪ ಹೊತ್ತಿಗೆ ಮೇಷ್ಟ್ರ ಉತ್ತರ ಬಂತು. ಧನ್ಯವಾದ ತಾಯಿ, ನಾವು ಕಾಯುತ್ತೇವೆ.

ಅದೇ ಕೊನೆ. ನನಗೆ ಬುದ್ಧಿ ಬಂದು ಎಲ್ಲವನ್ನೂ ಬಿಡಿಸಿ ಬರೆದದ್ದು ಒಂದು ತಿಂಗಳ ನಂತರ. ಅದರ ಪಕ್ಕದಲ್ಲಿ ಇವತ್ತಿಗೂ ಒಂದೇ ಗುರುತು ಇದೆ. ಮುಟ್ಟಿಲ್ಲ. ಫೋನು ಕೆಟ್ಟಿತೋ, ಮೇಷ್ಟ್ರಿಗೆ ಬೇರೆ ಊರಿಗೆ ವರ್ಗವಾಯಿತೋ, ಊರೇ ನೀರಿದ್ದ ಕಡೆ ಎದ್ದುಹೋಯಿತೋ... ವರ್ಷದ ಮೇಲಾಯಿತು. ಈಗ ಪಾರ್ಸೆಲ್ ಕೂಡ ವಾಪಸು ಬಂದಿದೆ. ವಿಳಾಸ ಅಪೂರ್ಣ ಎಂದು ಇಂಗ್ಲಿಷಿನಲ್ಲಿ ಬರೆದ ಚೀಟಿ ಅಂಟಿಸಿದ್ದಾರೆ.

ಕಾಕು ಬಂದು ನೋಡಿದರು. ಅಳಲಿಲ್ಲ. ಒಂದನ್ನು ಕೈಗೆತ್ತಿಕೊಂಡು ಹೆಬ್ಬೆರಳಿನಿಂದ ಅಂಚು ಸವರಿ, "ಎಣ್ಣೆ ಹಚ್ಚಿಡವ್ವ. ಒಣಗಿದ್ರೆ ಕೆಲಸಕ್ಕೆ ಬರಲ್ಲ ಅಂತಿದ್ರು" ಎಂದರು.

ಈ ಬರಹವನ್ನು ಓದಿಕೊಂಡಾಗ ನಾಚಿಕೆಯಾಗುತ್ತದೆ. ಇದರಲ್ಲೂ ನಾನು ವಾಸನೆ, ಪಾಯಸ, ಸಿಸ್ಟರ್ ಎಲ್ಲವನ್ನೂ ಮೊದಲು ಬರೆದೆ. ಮೊದಲ ಸಾಲಿನಲ್ಲೇ ಇರಬೇಕಾಗಿದ್ದ ಮಾತು ಇದು. ಆ ಊರಿನಲ್ಲಿ ನಾವು ಕೊಟ್ಟ ಪಂಪು ನಿಂತಿದೆ. ನೀರಿಲ್ಲ.

ಮೊನ್ನೆ ಬೋಗುಣಿಯಲ್ಲಿ ಹರಳೆಣ್ಣೆ ಸುರಿದುಕೊಂಡು, ಒಂದೊಂದೇ ವಾಶರ್ ಅದ್ದಿ ತೆಗೆದು ಹಳೆಯ ತಟ್ಟೆಯಲ್ಲಿ ಜೋಡಿಸಿಟ್ಟೆ. ಎಲ್ಲ ಇವೆಯೇ ಎಂದು ಎಣಿಸಿದೆ. ಇಪ್ಪತ್ನಾಲ್ಕು ಇರಬೇಕು. ಇಪ್ಪತ್ತರವರೆಗೆ ಸರಿಯಾಗಿಯೇ ಎಣಿಸಿದೆ. ಆಮೇಲೆ ನನ್ನ ಬಾಯಿಗೆ ಬಂದದ್ದು, ಒಂದು.